ಮಂಗಳೂರಿನಲ್ಲಿ ಪ್ಲೇಟ್‌ಲೆಟ್ ದಾನ: ವರ್ಷಗಟ್ಟಲೆ ಕೊಡುತ್ತಿರುವವರ ವಿಮರ್ಶೆ

ಸಾಮಾನ್ಯ ರಕ್ತದಾನಕ್ಕೆ ಸೂಜಿ ಚುಚ್ಚಿದರೆ ಹತ್ತು ನಿಮಿಷದ ಕೆಲಸ. ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳ ದಾನಕ್ಕೆ ಅರ್ಧ ದಿನವನ್ನೇ ಎತ್ತಿಡಬೇಕು. ರಕ್ತ ಎಳೆದು, ಪ್ಲೇಟ್‌ಲೆಟ್ ಬೇರ್ಪಡಿಸಿ, ಉಳಿದದ್ದನ್ನು ದೇಹಕ್ಕೆ ಮರಳಿಸುವ ಯಂತ್ರದ ಪಕ್ಕ ಕೂರುವುದು ಒಂದರಿಂದ ಒಂದೂವರೆ ಗಂಟೆ. ಅದಕ್ಕೂ ಮೊದಲು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳ ವರದಿ ಬರಬೇಕು. ಯಂತ್ರಕ್ಕೆ ಒಮ್ಮೆ ಜೋಡಿಸಿದ ಟ್ಯೂಬು, ಚೀಲಗಳ ಕಿಟ್ ಮತ್ತೊಬ್ಬರಿಗೆ ಬಾರದು, ಬೆಲೆಯೂ ಸಾವಿರಗಳಲ್ಲಿ. ಹಾಗಾಗಿ ಪರೀಕ್ಷೆ ಮೊದಲು, ಸೂಜಿ ಆಮೇಲೆ. ಕುಂದಾಪುರ, ಕಾರ್ಕಳದ ಕಡೆಯಿಂದ ಬಸ್ಸು ಹತ್ತಿ ಬರುವವರು ಕಾಯುವ ಸಮಯವನ್ನು ಫೋನಿನಲ್ಲೇ ಕೇಳಿಕೊಂಡು ಹೊರಡಿ.

ವಯಸ್ಸು 18ರಿಂದ 60, ತೂಕ ಕನಿಷ್ಠ 50 ಕೆ.ಜಿ., ಹಿಮೋಗ್ಲೋಬಿನ್ 12.5, ಪ್ಲೇಟ್‌ಲೆಟ್ ಎಣಿಕೆ 1.5 ಲಕ್ಷಕ್ಕಿಂತ ಮೇಲೆ ಇರಬೇಕು. ಎರಡು ದಾನಗಳ ನಡುವೆ 48 ಗಂಟೆ, ವಾರಕ್ಕೆ ಎರಡು, ವರ್ಷಕ್ಕೆ 24 ಮಿತಿ. ಇಡೀ ರಕ್ತ ಕೊಟ್ಟಿದ್ದರೆ 28 ದಿನ ಕಾಯಬೇಕು. ಆಸ್ಪಿರಿನ್ ನುಂಗಿದ್ದರೆ ಮೂರು ದಿನ ಬೇಡ. ಆ ಮಾತ್ರೆ ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನೇ ಕೆಡಿಸುತ್ತದೆ. ಮಲೇರಿಯಾ ಗುಣವಾದ ಮೇಲೆ 3 ತಿಂಗಳು, ಡೆಂಗ್ಯೂ ಆಗಿದ್ದರೆ 6 ತಿಂಗಳು ಕೊಡುವಂತಿಲ್ಲ. ಪ್ಲೇಟ್‌ಲೆಟ್‌ಗೆ ಬೇಡಿಕೆ ಏರುವ ಮಳೆಗಾಲದಲ್ಲೇ ಇಲ್ಲಿನ ದಾನಿಗಳೂ ಹೀಗೆ ಪಟ್ಟಿಯಿಂದ ಹೊರಗುಳಿಯುತ್ತಾರೆ. ಸೊಳ್ಳೆಪರದೆ ಕಟ್ಟಿ ಮಲಗುವುದೂ ದಾನದ ತಯಾರಿಯೇ.

ಹೊಸಬರು ಎಡವುವುದು ಊಟದಲ್ಲಿ. ಹಿಂದಿನ ರಾತ್ರಿ ಕೋರಿ ರೊಟ್ಟಿಯೋ ಚಿಕನ್ ಘೀ ರೋಸ್ಟೋ ಹೊಡೆದು ಬಂದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹಾಲಿನಂತೆ ಬೆಳ್ಳಗಾಗಿರುತ್ತದೆ. ರಕ್ತದ ಪದರಗಳನ್ನು ಬೆಳಕಿನಿಂದ ಗುರುತಿಸುವ ಯಂತ್ರದ ಸೆನ್ಸರ್ ಆಗ ತಪ್ಪು ಲೆಕ್ಕ ಹಾಕುತ್ತದೆ, ಚೀಲವೂ ವ್ಯರ್ಥವಾಗಬಹುದು. ಹಾಗೆಂದು ಖಾಲಿ ಹೊಟ್ಟೆಯಲ್ಲೂ ಬರಬಾರದು, ತಲೆ ಸುತ್ತುತ್ತದೆ. ನಾಲ್ಕು ಇಡ್ಲಿ, ಇಲ್ಲವೇ ಗಂಜಿ ಸಾಕು. ಬನ್ಸ್, ಗೋಳಿಬಜೆ ಆಮೇಲೆ ತಿನ್ನಿ. ಅರ್ಧ ಲೀಟರ್ ನೀರು ಕುಡಿದು, ಕೂರುವ ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ನಡುವೆ ಏಳಲಾಗದು.

ಒಂದೇ ಸೂಜಿಯ ಯಂತ್ರದಲ್ಲಿ ಎಳೆಯುವುದು, ಮರಳಿಸುವುದು ಸರದಿಯಲ್ಲಿ ನಡೆಯುತ್ತದೆ. ತೋಳಿನ ಪಟ್ಟಿ ಬಿಗಿಯಾದಾಗ ಚೆಂಡು ಹಿಸುಕಬೇಕು, ಸಡಿಲವಾದಾಗ ಕೈ ಸುಮ್ಮನಿಡಬೇಕು. ಮರಳುವ ರಕ್ತ ಕೋಣೆಯ ತಾಪಕ್ಕೆ ಇಳಿದಿರುವುದರಿಂದ ಮೊಣಕೈಯಿಂದ ಮೇಲಕ್ಕೆ ತಣ್ಣನೆಯ ಎಳೆಯೊಂದು ಹರಿದಂತೆ ಅನಿಸುತ್ತದೆ. ಅದು ಸಹಜ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆಂದರೆ ಮಾತ್ರ ತಡಮಾಡದೆ ಹೇಳಿ. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್ ದೇಹದ ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ಹೀಗಾಗುತ್ತದೆ. ಟೆಕ್ನಿಷಿಯನ್ ಮರಳಿಸುವ ವೇಗ ತಗ್ಗಿಸಿ, ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಹೆಚ್ಚಾಗಿ ನಿಮಿಷಗಳಲ್ಲಿ ಸರಿಹೋಗುತ್ತದೆ. ತಡೆದುಕೊಂಡು ಕೂತರೆ ವಾಂತಿ ಬಂದಂತಾಗಿ, ಕೈ ಸೆಟೆದುಕೊಳ್ಳಬಹುದು.

ಮರಳುವಾಗ ಅಲಾರಂ ಹೊಡೆದು, ಸೂಜಿಯ ಬಳಿ ಊದಿಕೊಂಡರೆ ರಕ್ತನಾಳ ತೂತಾಗಿದೆ ಎಂದರ್ಥ. ತಕ್ಷಣ ನಿಲ್ಲಿಸಿ, ಒತ್ತಿ ಹಿಡಿದು, ಐಸ್ ಇಡಬೇಕು. ಕೆಂಪುಕಣ ಪೂರ್ತಿ ಮರಳದೆ ಟ್ಯೂಬಿನಲ್ಲೇ ಉಳಿದರೆ ಇಡೀ ರಕ್ತ ಕೊಡಲು ಮುಂದಿನ 90 ದಿನ ಅವಕಾಶವಿಲ್ಲ. ಇದನ್ನು ದಾನಿಗೆ ಹೇಳದೆಯೇ ಕಳುಹಿಸುವ ಕೇಂದ್ರಗಳಿವೆ. ಅದು ಸಣ್ಣ ತಪ್ಪಲ್ಲ, ಹೊರಡುವ ಮೊದಲು ಕೇಳಿ ಬರೆಸಿಕೊಳ್ಳಿ.

ಮುಗಿದ ಮೇಲೆ ಚೀಲವನ್ನು ಬೆಳಕಿಗೆ ಹಿಡಿದು ತೋರಿಸಲು ಹೇಳಿ. ಒಣಹುಲ್ಲಿನ ಬಣ್ಣದ ದ್ರವ ಮೆಲ್ಲನೆ ಅಲುಗಿಸಿದಾಗ ರೇಷ್ಮೆ ಬಟ್ಟೆ ಮಡಚಿದಂತೆ ಒಳಗೆ ಮಿನುಗು ಸುಳಿಯುತ್ತದೆ. ಪ್ಲೇಟ್‌ಲೆಟ್‌ಗಳು ಚಪ್ಪಟೆಯಾಗಿ, ಜೀವಂತವಾಗಿವೆ ಎನ್ನುವ ಗುರುತು ಅದು. ಇಂಥ ಒಂದು ಚೀಲ ಐದಾರು ಮಂದಿಯ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್‌ಗೆ ಸಮ. ಅದನ್ನು 20ರಿಂದ 24 ಡಿಗ್ರಿಯಲ್ಲಿ ಸದಾ ಅಲುಗಾಡಿಸುತ್ತಾ ಇಟ್ಟರೂ ಆಯುಷ್ಯ ಐದೇ ದಿನ.

ಆದ್ದರಿಂದ ಮಳೆಗಾಲದ ಆಟಿ ತಿಂಗಳಿಗೆ ಬೇಕೆಂದು ಬೇಸಗೆಯಲ್ಲೇ ಕೂಡಿಡಲು ಬರುವುದಿಲ್ಲ. ಕರೆದಾಗ ಬರುವವರ ಹೆಸರು ರಕ್ತನಿಧಿಯಲ್ಲಿ ಇರಬೇಕು. ನಿಮ್ಮ ಗುಂಪು, ಕಳೆದ ಬಾರಿಯ ಎಣಿಕೆ, ಕೊಟ್ಟ ದಿನಾಂಕ, ಯಾವ ಕೈಯ ರಕ್ತನಾಳ ಚೆನ್ನಾಗಿದೆ ಎಂಬುದನ್ನೂ ಅಲ್ಲಿ ಬರೆಸಿ ಬನ್ನಿ.