ಬಸ್, ಮೆಟ್ರೋ, ಆಪ್ ಕ್ಯಾಬ್, ಬಾಡಿಗೆ ಸೈಕಲ್: ಎರಡು ಏರಿಯಾದಿಂದ ಓಡಾಡಿ ನೋಡಿದ್ದು

ಸಿಟೀಲಿ ಓಡಾಡೋಕೆ ಏನೆಲ್ಲಾ ಇದೆ ಅಂತ ಎಲ್ರೂ ಹೇಳ್ತಾರೆ, ಆದ್ರೆ ಯಾವ ಏರಿಯಾದಿಂದ ಹೊರಡ್ತೀರ ಅಂತ ಯಾರೂ ಕೇಳಲ್ಲ. ಅದಕ್ಕೇ ನಾಲ್ಕನ್ನೂ ಎರಡು ಕಡೆಯಿಂದ ಟ್ರೈ ಮಾಡ್ದೆ, ಒಂದು ಅನುಕೂಲಸ್ಥರ ಬಡಾವಣೆ, ಇನ್ನೊಂದು ಬಾಡಿಗೆ ಕಮ್ಮಿ ಅಂತ ದುಡಿಯೋ ಜನ ಹೋಗಿ ಸೇರ್ಕೊಂಡಿರೋ ಹೊರವಲಯ.

ಸ್ಪೀಡಲ್ಲಿ ಮೆಟ್ರೋನೇ ಮುಂದು, ಎರಡು ಮಾತಿಲ್ಲ. ಆದ್ರೆ ಬಡಾವಣೆಯಿಂದ ಸ್ಟೇಷನ್‌ಗೆ ನಡ್ಕೊಂಡೇ ಹೋಗ್ಬಹುದು, ಹೊರವಲಯದಿಂದ ಅಲ್ಲಿಗೆ ಮುಟ್ಟೋಕೇ ಇನ್ನೊಂದು ಗಾಡಿ ಹಿಡೀಬೇಕು, ಅಂದ್ರೆ ಎರಡು ಟಿಕೆಟ್ಟು, ಎರಡು ಸಲ ಕಾಯೋದು. ಸ್ಟೇಷನ್ ಬಂದ್ಮೇಲೆ ಸುತ್ತಮುತ್ತ ಬಾಡಿಗೆ ಏರಿದ್ರೆ, ಕಟ್ಟೋಕಾಗದೋರು ಇನ್ನೂ ಆಚೆಗೆ ಹೋಗ್ತಾರೆ.

ಕ್ಯಾಬ್ ಬಡಾವಣೆಗೆ ಕರೆದ ತಕ್ಷಣ ಬರುತ್ತೆ. ಹೊರವಲಯದ ಹೆಸರು ನೋಡಿದ್ರೆ ಕ್ಯಾನ್ಸಲ್, ವಾಪಸ್ ಬರೋವಾಗ ಸವಾರಿ ಸಿಗಲ್ಲ ಅಂತ ಡ್ರೈವರ್ ಹೇಳೋದ್ರಲ್ಲೂ ನ್ಯಾಯ ಇದೆ. ಸೈಕಲ್ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಸ್ಟ್ಯಾಂಡ್ ಇದ್ದಿದ್ದೇ ಆಫೀಸು, ಪಾರ್ಕು ಇರೋ ಕಡೆ.

ಇನ್ನು ಬಸ್ಸು. ನಿಧಾನ, ರಶ್ಶು, ಆದ್ರೂ ಹೊರವಲಯದ ಒಳಗಡೆವರೆಗೂ ಬರೋದು ಅದೊಂದೇ. ಬೆಳಕು ಹರಿಯೋ ಮುಂಚಿನ ಫಸ್ಟ್ ಬಸ್ಸಲ್ಲಿ ಮುಕ್ಕಾಲು ಪಾಲು ಹೌಸ್‌ಕೀಪಿಂಗ್, ಮನೆಗೆಲಸದ ಹೆಂಗಸ್ರು, ಪಕ್ಕದಲ್ಲಿ ಕೂತಿದ್ದೋರು ಪ್ರತಿ ಸ್ಟಾಪಲ್ಲೂ ಮೊಬೈಲ್ ತೆಗೆದು ಟೈಮ್ ನೋಡ್ತಿದ್ರು, ಯಾಕಕ್ಕಾ ಅಂದ್ರೆ ಲೇಟಾದ್ರೆ ಅರ್ಧ ದಿನದ ಸಂಬಳ ಹಿಡೀತಾರೆ ಅಂದ್ರು, ಇದು ತಪ್ಪಿದ್ರೆ ಮುಂದಿನದು ಯಾವಾಗ ಅನ್ನೋದೇ ಗ್ಯಾರಂಟಿ ಇಲ್ವಂತೆ. ಬಡಾವಣೇಲಿ ಬಸ್ ತಪ್ಪಿದ್ರೆ ಹಿಂದೇನೇ ಇನ್ನೊಂದು ಬರುತ್ತೆ, ಅಲ್ಲಿ ಮನೆಗೊಂದು ಕಾರೂ ಇದೆ!

ಇದು ಬದಲಾಗಲ್ಲ ಅಂತೇನಿಲ್ಲ. ಕೊಲಂಬಿಯಾದ ಮೆಡಲಿನ್‌ನಲ್ಲಿ 2004ರಲ್ಲಿ ಗುಡ್ಡದ ಮೇಲಿನ ಬಡವರ ಏರಿಯಾಗಳಿಗೆ ಕೇಬಲ್ ಕಾರ್ ಹಾಕಿ ನೇರವಾಗಿ ಮೆಟ್ರೋಗೆ ಜೋಡಿಸಿದ್ರು, ಬೊಲಿವಿಯಾದ ಲಾ ಪಾಸ್‌ನಿಂದಲೂ 2014ರಲ್ಲಿ ಮೇಲಿರೋ ಎಲ್ ಆಲ್ಟೋ ಊರಿಗೆ ಕೇಬಲ್ ಕಾರ್ ಬಂತು. ಲಕ್ಸೆಂಬರ್ಗ್ 2020ರಲ್ಲಿ ಇಡೀ ದೇಶದ ಬಸ್ಸು, ಟ್ರಾಮು, ರೈಲಿನ ಸೆಕೆಂಡ್ ಕ್ಲಾಸ್ ಫ್ರೀ ಮಾಡ್ತು, ಒಳ್ಳೇದೇ, ಆದ್ರೆ ಬಸ್ಸೇ ಬರದ ಕಡೆ ಫ್ರೀ ಟಿಕೆಟ್ ತಗೊಂಡು ಏನ್ ಮಾಡೋದು?

ನನ್ನ ಪ್ರಕಾರ ದುಡ್ಡು ಎಲ್ಲದಕ್ಕೂ ಸಾಕಾಗಲ್ಲ ಅಂದ್ರೆ ಮೊದ್ಲು ಹೊರವಲಯಕ್ಕೆ ಬೆಳಗಿನ ಜಾವ, ರಾತ್ರಿ ಬಸ್ ಜಾಸ್ತಿ ಬಿಡ್ಲಿ, ಗಾಡಿ ಬದಲಾಯಿಸಿದ್ರೂ ಒಂದೇ ಟಿಕೆಟ್ ನಡೀಲಿ, ಹೊಸ ಮೆಟ್ರೋ ಲೈನು ಆಮೇಲೆ ನೋಡೋಣ.