ಸಾರಥಿಯಲ್ಲಿ ಎಲ್‌ಎಲ್‌ಆರ್: ಪರೀಕ್ಷೆ ಸಲೀಸು, ಆಧಾರ್ ತೊಡಕು

ಬೈಕು, ಕಾರು ಎರಡಕ್ಕೂ ಸೇರಿಸಿ ಎಲ್‌ಎಲ್‌ಆರ್, ಅಂದರೆ ವಾಹನ ಕಲಿಯುವವರ ಲೈಸೆನ್ಸ್, ಮಾಡಿಸಲು ಸರ್ಕಾರ ಕೇಳುವುದು 350 ರೂಪಾಯಿ. ಒಂದೊಂದು ಬಗೆಯ ವಾಹನಕ್ಕೆ 150, ಪರೀಕ್ಷೆಗೆ 50. 2016ರ ಡಿಸೆಂಬರ್‌ನಲ್ಲಿ ನಿಗದಿಯಾದ ದರ ಇದು. ಇದರ ಮೇಲೆ ಬ್ರೋಕರ್ ಕೇಳುವ ದುಡ್ಡು ನಿಜವಾಗಿ ಪರೀಕ್ಷೆಗಲ್ಲ, ಫಾರಂ ತುಂಬುವ ಕೆಲಸಕ್ಕೆ. ಲೈಸೆನ್ಸ್ ಅರ್ಜಿಯ ಸರ್ಕಾರಿ ಸೈಟಾದ ಸಾರಥಿ ಪೋರ್ಟಲ್ಲಿನ ಗುಣ, ದೋಷ ಎರಡೂ ಅಲ್ಲೇ ಇವೆ. ಎಸ್ಸೆಸ್ಸೆಲ್ಸಿ ಓದಿದ ಯಾರಾದರೂ ಎರಡು ಸಂಜೆ ಕೂತರೆ ಪಾಸಾಗುವ ಪರೀಕ್ಷೆ ಅದು. ಜನ ಎಡವುವುದು ಅದಕ್ಕೂ ಮುಂಚೆ, ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರು ಎಂಬ ಮೂರು ಕಡೆ.

ಪೋರ್ಟಲ್ ತೆರೆಯುವಾಗಲೇ ಒಂದು ಎಚ್ಚರ. ಅಸಲಿ ಸೈಟಿನ ವಿಳಾಸ 'ಪರಿವಾಹನ್ ಡಾಟ್ ಗವ್ ಡಾಟ್ ಇನ್' ಎಂದು ಮುಗಿಯುತ್ತದೆ. ನೋಡಲು ಹಾಗೇ ಇರುವ, ಹೆಸರಿನಲ್ಲಿ 'ಲೈಸೆನ್ಸ್' ಎಂದಿರುವ ಬೇರೆ ಯಾವುದಕ್ಕೂ ಆಧಾರ್ ನಂಬರು ಕೊಡಬೇಡಿ. ಒಳಗೆ ಹೋಗಿ ಕರ್ನಾಟಕ ಆಯ್ದುಕೊಂಡ ಮೇಲೆ ಎರಡು ದಾರಿ ಕಾಣುತ್ತವೆ. ಒಂದು ಆಧಾರ್ ದೃಢೀಕರಣದ ದಾರಿ. ಇದಕ್ಕೆ ಕೇಂದ್ರ 2021ರ ಮಾರ್ಚ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಅರ್ಜಿ, ಪರೀಕ್ಷೆ, ಎಲ್‌ಎಲ್‌ಆರ್ ಪ್ರಿಂಟು ಎಲ್ಲವೂ ಮನೆಯಲ್ಲೇ ಆಗುತ್ತವೆ. ಇನ್ನೊಂದು ಹಳೆಯ ದಾರಿ: ದಾಖಲೆ ಅಪ್‌ಲೋಡ್ ಮಾಡಿ, ಸ್ಲಾಟ್ ಹಿಡಿದು, ಮೂಲ ಪ್ರತಿಗಳೊಂದಿಗೆ ಆರ್‌ಟಿಒಗೆ ಹೋಗಿ, ಅಲ್ಲಿನ ಕಂಪ್ಯೂಟರ್ ಮುಂದೆ ಪರೀಕ್ಷೆ ಬರೆಯುವುದು.

ಮನೆಯಲ್ಲೇ ಆಗುತ್ತದೆ ಎಂದು ಎಲ್ಲರೂ ಮೊದಲ ದಾರಿಗೆ ನುಗ್ಗುತ್ತಾರೆ. ಆದರೆ ಅದು ಹೊಂದುವುದು ಆಧಾರ್ ಚೊಕ್ಕಟವಾಗಿರುವವರಿಗೆ ಮಾತ್ರ. ಆಧಾರ್‌ನಲ್ಲಿ ಇರುವ ಹೆಸರು, ಹುಟ್ಟಿದ ದಿನ, ವಿಳಾಸ, ಫೋಟೊ ನೇರವಾಗಿ ಅರ್ಜಿಗೆ ಇಳಿದುಬಿಡುತ್ತವೆ. ಅಲ್ಲಿ ತಿದ್ದಲು ಬರುವುದಿಲ್ಲ. ನಮ್ಮಲ್ಲಿ ಇನಿಷಿಯಲ್ ತಕರಾರು ದೊಡ್ಡದು. ಆಧಾರ್‌ನಲ್ಲಿ ಬರೀ 'ಮಂಜುನಾಥ', ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ ಆರ್', ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಪೂರ್ತಿ. ಆಧಾರ್ ದಾರಿಯಲ್ಲಿ ಹೋದರೆ ಲೈಸೆನ್ಸ್‌ಗೂ ಬರೀ 'ಮಂಜುನಾಥ'ನೇ ಬರುತ್ತಾನೆ. ಮುಂದೆ ತಿದ್ದಿಸಬೇಕೆಂದರೆ ಅದು ಬೇರೆ ಅರ್ಜಿ, ಬೇರೆ ಶುಲ್ಕ. ಹಳೆಯ ಕೆಲವು ಆಧಾರ್‌ಗಳಲ್ಲಿ ಹುಟ್ಟಿದ ಇಸವಿ ಮಾತ್ರ ಇರುತ್ತದೆ, ದಿನ, ತಿಂಗಳು ಇರುವುದಿಲ್ಲ. ಅಂಥವರು ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಸರಿಮಾಡಿಸಿಕೊಳ್ಳಬೇಕು, ಇಲ್ಲವೇ ಎರಡನೇ ದಾರಿ ಹಿಡಿಯಬೇಕು.

ಹದಿನೆಂಟು ತುಂಬಿದ ಮಕ್ಕಳ ಪಾಡು ಇನ್ನೂ ಬೇರೆ. ಆಧಾರ್‌ನಲ್ಲಿ 5 ಮತ್ತು 15ನೇ ವಯಸ್ಸಿಗೆ ಬೆರಳಚ್ಚು, ಕಣ್ಣು, ಫೋಟೊ ಹೊಸದಾಗಿ ಕೊಡಲೇಬೇಕೆಂಬ ನಿಯಮವಿದೆ. ಹದಿನೈದರದ್ದನ್ನು ಮಾಡಿಸದೆ ಬಿಟ್ಟವರ ಫೋಟೊ ಪ್ರೈಮರಿ ಸ್ಕೂಲಿನದ್ದೇ ಉಳಿದಿರುತ್ತದೆ. ಮನೆಯಲ್ಲಿ ಪರೀಕ್ಷೆಗೆ ಕೂತಾಗ ಕ್ಯಾಮೆರಾ ಮುಖವನ್ನು ಆ ಫೋಟೊದ ಜೊತೆ ಹೋಲಿಸುತ್ತದೆ. ಮೀಸೆ ಚಿಗುರಿದ ಮುಖಕ್ಕೂ ಮೂರನೇ ಕ್ಲಾಸಿನ ಮುಖಕ್ಕೂ ತಾಳೆಯಾಗದಿದ್ದರೆ ಅದರ ತಪ್ಪಲ್ಲ. ಮೊಬೈಲ್ ನಂಬರಿನದ್ದೂ ಇದೇ ಕಥೆ. ಚಿಕ್ಕಂದಿನಲ್ಲಿ ಅಪ್ಪನ ನಂಬರು ಕೊಟ್ಟಿದ್ದರೆ ಒಟಿಪಿ ಅಪ್ಪನ ಫೋನಿಗೇ ಹೋಗುತ್ತದೆ, ಅವರು ಆ ಹೊತ್ತಿಗೆ ಪಕ್ಕದಲ್ಲಿರಬೇಕು. ಆ ಸಿಮ್ ಬಿಟ್ಟು ಹತ್ತು ವರ್ಷವಾಗಿದ್ದರೆ ಅರ್ಜಿ ಮೊದಲ ಪುಟ ದಾಟುವುದಿಲ್ಲ. ಇದನ್ನೆಲ್ಲ ಪೋರ್ಟಲ್ ಮೊದಲ ಪುಟದಲ್ಲೇ ಎರಡು ಸಾಲಿನಲ್ಲಿ ಹೇಳಬಹುದಿತ್ತು. ಹೇಳುವುದಿಲ್ಲ. ಈ ಸೇವೆಯ ಬಗ್ಗೆ ನಮ್ಮ ದೊಡ್ಡ ದೂರು ಇದೇ.

ವಿಳಾಸದ ವಿಷಯ ಕೆಲಸ ಹುಡುಕಿ ಬೆಂಗಳೂರಿಗೆ ಬಂದವರಿಗೆ ಮುಖ್ಯ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ರಾಜ್ಯದ ಯಾವ ಆರ್‌ಟಿಒದಲ್ಲಾದರೂ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಬಹುದು. ಆದರೆ ಆಧಾರ್ ವಿಳಾಸ ಕಲಬುರಗಿಯದ್ದಾದರೆ ಮುಂದೆ ಡಿಎಲ್ (ಪೂರ್ಣ ಡ್ರೈವಿಂಗ್ ಲೈಸೆನ್ಸ್) ಕಾರ್ಡು ಅಂಚೆಯಲ್ಲಿ ಹೋಗುವುದೂ ಕಲಬುರಗಿಗೇ. ಮನೆಯಲ್ಲಿ ತೆಗೆದುಕೊಳ್ಳುವವರು ಇದ್ದಾರೆಯೇ ನೋಡಿಕೊಳ್ಳಿ.

ಇನ್ನು ಫಾರಂ. ವಾಹನದ ಬಗೆ ಆಯ್ಕೆ ಮಾಡುವ ಪಟ್ಟಿ ಉದ್ದವಾಗಿದೆ, ಎಲ್ಲವೂ ಸಂಕ್ಷಿಪ್ತ ಅಕ್ಷರಗಳಲ್ಲಿವೆ. ಹೆಚ್ಚಿನವರಿಗೆ ಬೇಕಾದದ್ದು ಎರಡೇ: ಎಂಸಿಡಬ್ಲ್ಯೂಜಿ, ಅಂದರೆ ಗೇರ್ ಇರುವ ಬೈಕು, ಎಲ್‌ಎಂವಿ, ಅಂದರೆ ಕಾರು. ಸ್ಕೂಟರ್ ಓಡಿಸುವವರು 'ನನಗೆ ಗೇರ್ ಬೇಡ' ಎಂದು ಎಂಸಿಡಬ್ಲ್ಯೂಒಜಿ ಒತ್ತಿಬಿಡುತ್ತಾರೆ. ಆಮೇಲೆ ತಮ್ಮನ ಬೈಕು ಓಡಿಸಬೇಕೆಂದರೆ ಮತ್ತೆ ಮೊದಲಿಂದ. ಗೇರ್ ಬೈಕಿನ ಲೈಸೆನ್ಸ್ ಇದ್ದರೆ ಸ್ಕೂಟರ್ ಅದರಲ್ಲೇ ಬಂತು. ಆಟೊ, ಟ್ಯಾಕ್ಸಿ, ಲಾರಿಯಂಥ ಟ್ರಾನ್ಸ್‌ಪೋರ್ಟ್ ವಾಹನಕ್ಕೆ 20 ತುಂಬಿರಬೇಕು.

ಆರೋಗ್ಯದ ಸ್ವಯಂ ಘೋಷಣೆ, ಫಾರಂ 1, ಇನ್ನೊಂದು ಗುಂಡಿ. ಮೂರ್ಛೆ ರೋಗ ಇದೆಯೇ, ಇರುಳುಗುರುಡು ಇದೆಯೇ ಎಂಬವಕ್ಕೆ 'ಇಲ್ಲ' ಒತ್ತುತ್ತ ಬಂದ ಕೈ, ನಡುವೆ ಬರುವ 'ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ' ಎಂಬುದಕ್ಕೂ 'ಇಲ್ಲ' ಒತ್ತಿಬಿಡುತ್ತದೆ. ಅಲ್ಲಿಗೆ ಅರ್ಜಿ ನಿಂತಿತು. ಕನ್ನಡಕ ಹಾಕಿಕೊಂಡು ಓದಿದರೂ 'ಹೌದು' ಎಂದೇ ಲೆಕ್ಕ. ವಯಸ್ಸು 40 ದಾಟಿದವರಿಗೆ ಈ ಘೋಷಣೆ ಸಾಲದು, ವೈದ್ಯರು ಸಹಿ ಮಾಡಿದ ಫಾರಂ 1ಎ ಬೇಕು. ಅದನ್ನು ಅರ್ಜಿ ಶುರು ಮಾಡುವ ಮೊದಲೇ ತಂದಿಟ್ಟುಕೊಳ್ಳಿ. ಸಾಧಾರಣ ಮಟ್ಟದ ಬಣ್ಣಗುರುಡು ಇರುವವರಿಗೂ ಲೈಸೆನ್ಸ್ ಕೊಡಬಹುದೆಂದು 2020ರ ಜೂನ್‌ನಲ್ಲಿ ನಿಯಮ ಬದಲಾಗಿದೆ. ಹಿಂದೆ ವಾಪಸಾದವರು ಈಗ ಮತ್ತೆ ಹಾಕಬಹುದು.

ಎರಡನೇ ದಾರಿಯವರಿಗೆ ಫೋಟೊ ಮತ್ತು ಸಹಿಯ ಫೈಲು 10ರಿಂದ 20 ಕೆಬಿ ಒಳಗಿರಬೇಕು. ಫೋನಿನಲ್ಲಿ ತೆಗೆದ ಫೋಟೊ ಸಾಮಾನ್ಯವಾಗಿ ಇದರ ನೂರು ಪಟ್ಟು ಇರುತ್ತದೆ. ತೀರಾ ಕುಗ್ಗಿಸಿ 8 ಕೆಬಿಗೆ ಇಳಿಸಿದರೂ ತಗೊಳ್ಳುವುದಿಲ್ಲ. ಸಹಿಯನ್ನು ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಲ್ಲಿ ಹಾಕಿ, ಸುತ್ತಲಿನ ಖಾಲಿ ಜಾಗ ಕತ್ತರಿಸಿ ಆಮೇಲೆ ಕುಗ್ಗಿಸಿದರೆ ಅಕ್ಷರ ಉಳಿಯುತ್ತದೆ. ಬ್ಲಡ್ ಗ್ರೂಪ್ ಗೊತ್ತಿಲ್ಲದಿದ್ದರೆ ಅಂದಾಜಿನಲ್ಲಿ ತುಂಬಬೇಡಿ.

ದುಡ್ಡು ಕಟ್ಟುವಾಗ ಅಕೌಂಟಿನಿಂದ ಹಣ ಹೋಗಿ, ಪೋರ್ಟಲ್‌ನಲ್ಲಿ 'ಬಾಕಿ' ಎಂದೇ ತೋರಿಸುವುದು ಉಂಟು. ಗಾಬರಿಯಾಗಿ ಮತ್ತೊಮ್ಮೆ ಕಟ್ಟಬೇಡಿ. ಪಾವತಿ ಮೆನುವಿನಲ್ಲಿ 'ವೆರಿಫೈ ಪೇ ಸ್ಟೇಟಸ್' ಎಂಬ ಆಯ್ಕೆ ಇದೆ. ಅರ್ಜಿ ಸಂಖ್ಯೆ ಹಾಕಿ ಅದನ್ನು ಒತ್ತಿದರೆ ಬ್ಯಾಂಕಿನ ಲೆಕ್ಕ ತಾಳೆಯಾಗುತ್ತದೆ. ಅರ್ಜಿ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಿ, ಮುಂದಿನ ಪ್ರತಿ ಹೆಜ್ಜೆಗೂ ಅದೇ ಬೀಗದಕೈ.

ಮನೆಯಲ್ಲಿ ಪರೀಕ್ಷೆ ಬರೆಯುವವರು ಮೊದಲು ರಸ್ತೆ ಸುರಕ್ಷತೆಯ ವಿಡಿಯೊ ಪಾಠ ನೋಡಿ ಮುಗಿಸಬೇಕು. ಪರೀಕ್ಷೆಯ ಪಾಸ್‌ವರ್ಡ್ ಎಸ್‌ಎಂಎಸ್‌ನಲ್ಲಿ ಬರುವುದು ಅದಾದ ಮೇಲೆ. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ಮುಖ ಕಪ್ಪಾಗುತ್ತದೆ. ಹಿಂದೆ ಯಾರೂ ಇಣುಕದಂತೆ ಬಾಗಿಲು ಹಾಕಿಕೊಳ್ಳಿ; ಇನ್ನೊಂದು ಮುಖ ಕ್ಯಾಮೆರಾಕ್ಕೆ ಬಿದ್ದರೆ ಪರೀಕ್ಷೆ ರದ್ದಾಗಬಹುದು. ಭಾಷೆ ಕೇಳಿದಾಗ ಕನ್ನಡ ಆರಿಸಬಹುದು. ಕನ್ನಡ ಮಾತ್ರ ಕಚೇರಿ ಸುತ್ತೋಲೆಯದ್ದು, ಒಂದು ಸಾಲನ್ನು ಎರಡು ಸಲ ಓದಬೇಕಾಗುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಗಡಿಯಾರ ಓಡುತ್ತಿರುತ್ತದೆ. ಶೇಕಡ 60 ಸರಿಯಾದರೆ ಪಾಸು.

ಪ್ರಶ್ನೆಗಳ ಧಾಟಿ ನೋಡಿ. ಕಿರಿದಾದ ಸೇತುವೆ, ಎದುರಿನಿಂದ ಇನ್ನೊಂದು ವಾಹನ ಸೇತುವೆ ಏರಲು ಬಂದಿದೆ, ನೀವೇನು ಮಾಡುತ್ತೀರಿ? ವೇಗ ಹೆಚ್ಚಿಸಿ ಬೇಗ ದಾಟುವುದು, ಹೆಡ್‌ಲೈಟ್ ಹಾಕಿ ಹೋಗುವುದು, ಆ ವಾಹನ ದಾಟುವವರೆಗೆ ಕಾಯುವುದು. ನಮ್ಮ ರಸ್ತೆಗಳಲ್ಲಿ ದಿನಾ ಕಾಣುವ ಉತ್ತರ ತಪ್ಪು, ಯಾರೂ ಮಾಡದ ಉತ್ತರ ಸರಿ ಎಂದುಕೊಂಡರೆ ಅರ್ಧ ಪರೀಕ್ಷೆ ಮುಗಿದಂತೆ. ಜೀಬ್ರಾ ಪಟ್ಟಿಯ ಬಳಿ ಜನ ನಿಂತಿದ್ದರೆ ನಿಲ್ಲಿಸಬೇಕು. ಏರಿನಲ್ಲಿ ಮೇಲೆ ಹತ್ತುವ ವಾಹನಕ್ಕೆ ದಾರಿ ಬಿಡಬೇಕು. ಒನ್‌ವೇಯಲ್ಲಿ ರಿವರ್ಸ್ ಹೋಗಬಾರದು. ಇವಕ್ಕೆ ಓದೇ ಬೇಡ. ಓದಬೇಕಾದದ್ದು ಚಿಹ್ನೆಗಳು. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ, ವೃತ್ತ ಆಜ್ಞೆ, ನೀಲಿ ಚೌಕ ಮಾಹಿತಿ ಎಂದು ಮೊದಲು ವಿಂಗಡಿಸಿಕೊಳ್ಳಿ. ಮಾರ್ಕು ಹೋಗುವುದು ಅವಳಿ ಚಿಹ್ನೆಗಳಲ್ಲಿ: ಒಂದೇ ಅಡ್ಡಗೆರೆ ಇದ್ದರೆ ಪಾರ್ಕಿಂಗ್ ಇಲ್ಲ, ಎರಡು ಗೆರೆ ಒಂದನ್ನೊಂದು ಕತ್ತರಿಸಿದ್ದರೆ ನಿಲ್ಲಿಸುವಂತೆಯೇ ಇಲ್ಲ. 'ಮುಂದೆ ರಸ್ತೆ ಕಿರಿದು', 'ಕಿರಿದಾದ ಸೇತುವೆ' ಕೂಡ ಅಂಥದ್ದೇ ಜೋಡಿ. ಫೇಲಾದರೆ ಮತ್ತೆ ಕಟ್ಟಬೇಕಾದದ್ದು ಪರೀಕ್ಷೆಯ 50 ರೂಪಾಯಿ ಮಾತ್ರ.

ಹದಿನಾರು ತುಂಬಿದ ಮಕ್ಕಳಿಗೂ ಎಲ್‌ಎಲ್‌ಆರ್ ಸಿಗುತ್ತದೆ ಎಂಬುದು ನಿಜ. ಸುದ್ದಿಯ ಇನ್ನೊಂದು ಅರ್ಧ ಕೇಳಿ. ಮೋಟಾರು ವಾಹನ ಕಾಯ್ದೆಯ 4 ಮತ್ತು 7ನೇ ಸೆಕ್ಷನ್ ಪ್ರಕಾರ 16ರಿಂದ 18ರ ನಡುವೆ ಓಡಿಸಬಹುದಾದದ್ದು 50 ಸಿಸಿ ಮೀರದ ಇಂಜಿನ್ನಿನ ದ್ವಿಚಕ್ರ ಮಾತ್ರ, ಅದೂ ಗೇರ್ ಇಲ್ಲದ್ದು, ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ. ಮನೆಮನೆಯ ಮುಂದೆ ನಿಂತಿರುವ ಸ್ಕೂಟರ್‌ಗಳು 110ರಿಂದ 125 ಸಿಸಿ ಆಸುಪಾಸಿನವು. ಅಂದರೆ ಪಿಯುಸಿ ಹುಡುಗಿಯ ಕೈಯಲ್ಲಿ ಎಲ್‌ಎಲ್‌ಆರ್ ಇದ್ದರೂ ಅಮ್ಮನ ಸ್ಕೂಟರ್ ಅವಳಿಗೆ ನಿಷಿದ್ಧ. ಸಿಕ್ಕಿಬಿದ್ದರೆ 2019ರಲ್ಲಿ ಸೇರಿಸಿದ 199ಎ ಸೆಕ್ಷನ್ ಪೋಷಕರ ಇಲ್ಲವೇ ವಾಹನ ಮಾಲೀಕರ ಮೇಲೆ ಬೀಳುತ್ತದೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಓಡಿಸಿದ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್‌ನಲ್ಲಿ ಬರೆದಿರುವ ಬಗೆಯ ವಾಹನವನ್ನೇ ಓಡಿಸುತ್ತಿದ್ದರೆ ಈ ಸೆಕ್ಷನ್ ಅನ್ವಯಿಸುವುದಿಲ್ಲ, ಆದರೆ 50 ಸಿಸಿ ಗಾಡಿಯನ್ನು ಈಗ ಹುಡುಕಿ ತರುವುದೆಲ್ಲಿಂದ? ಆದ್ದರಿಂದ ಹದಿನಾರರ ಎಲ್‌ಎಲ್‌ಆರ್‌ಗೆ ದುಡ್ಡು ಹಾಕಬೇಡಿ ಎಂದೇ ನಮ್ಮ ಸಲಹೆ. ಕಾಲೇಜಿಗೆ ಗಾಡಿ ಬೇಕೇಬೇಕೆಂದರೆ ಗಂಟೆಗೆ 25 ಕಿ.ಮೀ. ಮೀರದ, 250 ವಾಟ್‌ವರೆಗಿನ ಕಡಿಮೆ ವೇಗದ ಎಲೆಕ್ಟ್ರಿಕ್ ಸ್ಕೂಟರ್‌ಗೆ ಲೈಸೆನ್ಸೇ ಬೇಡ. ಅಂಗಡಿಯವರ ಮಾತು ಬಿಟ್ಟು ಮಾನ್ಯತೆಯ ಪತ್ರ ಕೇಳಿ ನೋಡಿ. ವೇಗದ ಮಿತಿ ಬಿಚ್ಚಿಸಿದ ಗಾಡಿಗೆ ಈ ವಿನಾಯಿತಿ ಇಲ್ಲ.

ಎಲ್‌ಎಲ್‌ಆರ್ ಪಿಡಿಎಫ್ ಸಿಕ್ಕಿದ ದಿನದಿಂದ ಎಲ್ ಬೋರ್ಡ್. ಹಿಂದೆ ಮಾತ್ರ ಅಂಟಿಸಿಕೊಂಡು ತಿರುಗುವವರೇ ಹೆಚ್ಚು, ನಿಯಮ ಮುಂದೆಯೂ ಹಿಂದೆಯೂ ಬೇಕೆನ್ನುತ್ತದೆ. ಬಿಳಿ ಹಿನ್ನೆಲೆ ಕನಿಷ್ಠ 18 ಸೆಂ.ಮೀ. ಚೌಕ, ಕೆಂಪು ಅಕ್ಷರ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ಬುಡದಲ್ಲಿ 9 ಸೆಂ.ಮೀ. ಅಗಲ. ಪಕ್ಕದಲ್ಲಿ ಆ ಬಗೆಯ ವಾಹನದ ಲೈಸೆನ್ಸ್ ಇರುವವರು ಕೂತಿರಬೇಕು. ಬೈಕಿನಲ್ಲಿ ಹಿಂದೆ ಕೂರಿಸಿಕೊಳ್ಳಬಹುದಾದದ್ದು ಕಲಿಸುವವರನ್ನು ಮಾತ್ರ, ಗೆಳೆಯನನ್ನಲ್ಲ.

ಎಲ್‌ಎಲ್‌ಆರ್ ಆರು ತಿಂಗಳು ಚಾಲ್ತಿ. ಮೊದಲ 30 ದಿನ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ. ಕಾರು ಇನ್ನೂ ಕೈಗೆ ಹತ್ತಿಲ್ಲ ಎಂದು ಐದನೇ ತಿಂಗಳವರೆಗೆ ತಳ್ಳಿದವರು ಸ್ಲಾಟ್ ಸಿಗದೆ ಒದ್ದಾಡುತ್ತಾರೆ. ಡಿಎಲ್ ಪರೀಕ್ಷೆಯಲ್ಲಿ ಬೈಕಿನಲ್ಲಿ 8ರ ಆಕಾರ ಹಾಕುವಾಗ ಕಾಲು ನೆಲಕ್ಕೆ ತಾಗಿ ಒಮ್ಮೆ ಫೇಲಾದರೂ ಮತ್ತೊಂದು ಸ್ಲಾಟಿಗೆ ಜಾಗ ಉಳಿಯಬೇಕೆಂದರೆ 31ನೇ ದಿನ ಬೆಳಿಗ್ಗೆಯೇ ಪೋರ್ಟಲ್ ತೆರೆದು ನೋಡಿ. ಅವಧಿ ಮುಗಿದ ಎಲ್‌ಎಲ್‌ಆರ್‌ಗೆ ವಿಸ್ತರಣೆ ಇಲ್ಲ. ಹೊಸ ಅರ್ಜಿ, ಹೊಸ 350 ರೂಪಾಯಿ, ಅದೇ ಕಿರಿದಾದ ಸೇತುವೆ.