ಸತ್ಯವೇದ ವ್ಯಾಖ್ಯಾನ ಮಾಲೆಗಳು: ಮೊದಲು ಯಾವುದು?

ಮೈಸೂರಿನಲ್ಲಿ ಕನ್ನಡ ಸತ್ಯವೇದ (ಬೈಬಲ್) ಇಟ್ಟುಕೊಂಡು ಮನೆಯಲ್ಲೇ ಅಭ್ಯಾಸ ಮಾಡುವವರಿಗೆ ಟಿಂಡೇಲ್, ಎನ್‌ಐಸಿ (ನ್ಯೂ ಇಂಟರ್‌ನ್ಯಾಷನಲ್ ಕಾಮೆಂಟರಿ), ವರ್ಡ್ ಮೂರೂ ಒಂದೇ ಕೆಲಸಕ್ಕೆ ಬರುವ ಇಂಗ್ಲಿಷ್ ಮಾಲೆಗಳಲ್ಲ. ಟಿಂಡೇಲ್ ಸಣ್ಣದು, ಚುರುಕು. ಕಷ್ಟದ ವಚನಗಳಲ್ಲಿ ಮಾತು ಬೇಗ ಮುಗಿಸುತ್ತದೆ. ಎನ್‌ಐಸಿಯಲ್ಲಿ ಹೀಬ್ರೂ, ಗ್ರೀಕ್ ಚರ್ಚೆ ಬಹುಪಾಲು ಅಡಿಟಿಪ್ಪಣಿಗೆ ಇಳಿದಿದೆ. ಮೂಲಭಾಷೆ ಬಾರದವರೂ ಮೇಲಿನದನ್ನು ತಡೆಯಿಲ್ಲದೆ ಓದಬಹುದು. ದುಡ್ಡು ಹಾಕುವುದಾದರೆ ಇದಕ್ಕೇ.

ವರ್ಡ್ ಮಾಲೆಯನ್ನು ಸಾಲಾಗಿ ಓದಹೊರಟರೆ ಸುಸ್ತು ಖಚಿತ. ಪ್ರತಿ ಭಾಗದಲ್ಲೂ ಗ್ರಂಥಸೂಚಿ, ಅನುವಾದ, ಮೂಲಪಾಠದ ಟಿಪ್ಪಣಿ, ರೂಪ-ರಚನೆ-ಸಂದರ್ಭ, ವಚನವಾರು ವ್ಯಾಖ್ಯಾನ, ಕೊನೆಗೆ ಒಟ್ಟು ವಿವರಣೆ. ಆ ಕೊನೆಯದನ್ನೇ ಮೊದಲು ಓದಿ, ಆಮೇಲೆ ಹಿಂದಕ್ಕೆ ಬನ್ನಿ.

ಸತ್ಯವೇದದ ಕೀರ್ತನೆಗಳ ಗ್ರಂಥದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಹೀಬ್ರೂ ಮೂಲಪಾಠ ಅನೇಕ ಕಡೆ ಕೀರ್ತನೆಯ ಶಿರೋನಾಮೆಯನ್ನೂ ವಚನವಾಗಿ ಎಣಿಸುತ್ತದೆ. 51ನೇ ಕೀರ್ತನೆಯ ನಮ್ಮ 1ನೇ ವಚನ ಅಲ್ಲಿ 3. ವ್ಯಾಖ್ಯಾನದಲ್ಲಿ ವಚನದ ಅಂಕಿ ಹೊಂದದಿದ್ದರೆ ಮುದ್ರಣದೋಷ ಅಂದುಕೊಳ್ಳಬೇಡಿ.

ಸಂತ ಫಿಲೋಮಿನಾ ಚರ್ಚಿನ ಕಡೆಯ ಕಥೋಲಿಕ ಓದುಗರಿಗೆ, ಅವರ ಸತ್ಯವೇದದಲ್ಲಿರುವ ಮಕ್ಕಬಿಯರ ಗ್ರಂಥಗಳ ವ್ಯಾಖ್ಯಾನ ಈ ಮೂರರಲ್ಲೂ ಸಿಗುವುದಿಲ್ಲ. ಆಂಕರ್ ಬೈಬಲ್ ಮಾಲೆ ನೋಡಬೇಕು. ಇಡೀ ಸೆಟ್ ಮಾತ್ರ ಯಾವುದರದ್ದೂ ಬೇಡ. ಸಂಪುಟದಿಂದ ಸಂಪುಟಕ್ಕೆ ಲೇಖಕರು ಬೇರೆ, ಗುಣವೂ ಏರುಪೇರು.